ರೇಷ್ಮೆ ಊರಿನ ಹಾಡುಗಾರನ ಜಾಡಿನಲ್ಲಿ ನಾಲ್ಕು ದಿನ

ಶುಕ್ರವಾರ, 2025ರ ಮೇ 16

ರೆಡಿಂಗ್‌ನಿಂದ ಬೆಳಿಗ್ಗೆ ಹೊರಟ ರೈಲು ಊಟದ ಹೊತ್ತಿಗೆ ಮ್ಯಾಂಚೆಸ್ಟರ್ ಪಿಕಡಿಲಿ ಮುಟ್ಟಿತು. ಶೆಫೀಲ್ಡ್‌ನಿಂದ ನನಗಿಂತ ಮೊದಲೇ ಬಂದಿದ್ದ ತಮ್ಮ ಗೇಟಿನಾಚೆ ನಿಂತಿದ್ದ. ಮೈಮೇಲೆ ಅದೇ ಕಪ್ಪು ಟೀ ಶರ್ಟು. ಎದೆ ತುಂಬ ಬೆಟ್ಟದ ಸಾಲಿನ ಹಾಗೆ ಏರಿಳಿಯುವ ಬಿಳಿ ಗೆರೆಗಳು. ಈ ಚಿತ್ರವನ್ನು ನೀವೂ ನೋಡಿರುತ್ತೀರಿ, ಬೆಂಗಳೂರಿನ ಅಂಗಡಿಗಳಲ್ಲೂ ಮಾರುತ್ತಾರೆ. ಅದು ಬೆಟ್ಟವಲ್ಲ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸ್ಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಕಂಡುಹಿಡಿದ ಮೊದಲ ಪಲ್ಸಾರ್ ನಕ್ಷತ್ರದ ರೇಡಿಯೋ ಮಿಡಿತಗಳು, ಒಂದರ ಕೆಳಗೊಂದು ಜೋಡಿಸಿದ್ದು. 1.337 ಸೆಕೆಂಡಿಗೊಂದು ಮಿಡಿತ. 1979ರಲ್ಲಿ ಜಾಯ್ ಡಿವಿಷನ್ ಎಂಬ ತಂಡ ತನ್ನ ಮೊದಲ ಆಲ್ಬಮ್ ‘ಅನ್‌ನೋನ್ ಪ್ಲೆಶರ್ಸ್’ನ ಹೊದಿಕೆಗೆ ಅದನ್ನು ಬಳಸಿತು.

ಆ ತಂಡದ ಹಾಡುಗಾರ ಇಯಾನ್ ಕರ್ಟಿಸ್. ಹಾಡಿನ ಸಾಲುಗಳನ್ನು ಬರೆಯುತ್ತಿದ್ದವನೂ ಅವನೇ. 1956ರ ಜುಲೈ 15ರಂದು ಹುಟ್ಟಿದವನು 1980ರ ಮೇ 18ರಂದು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಆಗ ವಯಸ್ಸು 23. ಅವತ್ತು ಭಾನುವಾರ. ಈ ವರ್ಷವೂ ಮೇ 18 ಭಾನುವಾರವೇ ಬರುತ್ತದೆ ಎಂದು ಜನವರಿಯಲ್ಲೇ ಲೆಕ್ಕ ಹಾಕಿ, “ಅಕ್ಕ, ಅವತ್ತು ನಾನು ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಇರಬೇಕು, ನೀನೂ ಬರ್ತೀಯಾ?” ಎಂದು ತಮ್ಮ ಕೇಳಿದ್ದ. ಇಯಾನ್ ಬೆಳೆದದ್ದೂ ತೀರಿಕೊಂಡದ್ದೂ ಆ ಊರಿನಲ್ಲಿ. ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ನಮ್ಮೂರು ಶಿಡ್ಲಘಟ್ಟ. ಅಪ್ಪ ರೀಲರ್, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಗೂಡು ಬೇಯುವ ವಾಸನೆಯಲ್ಲೇ ನಾವಿಬ್ಬರೂ ಬೆಳೆದವರು. ತಮ್ಮನಿಗೆ ಒಂಬತ್ತು ತುಂಬಿದ ವರ್ಷ, ಕುದಿಯುವ ಬೇಸಿನ್ನಿನಿಂದ ಎರಡೇ ಮಾರು ದೂರದಲ್ಲಿ, ಮೊದಲ ಸಲ ಫಿಟ್ಸ್ ಬಂತು. ಯಾರೋ ಓಡಿಹೋಗಿ ಬೀಗದಕೈ ಗೊಂಚಲು ತಂದು ಅವನ ಮುಷ್ಟಿಯೊಳಗೆ ತುರುಕಿದರು. ಇನ್ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಎರಡು ಮೂರು ನಿಮಿಷಕ್ಕೆ ಅದು ತಾನಾಗಿಯೇ ನಿಂತಿತು. ನಿಂತದ್ದು ಕಬ್ಬಿಣದಿಂದ ಎಂದೇ ಬೀದಿಯೆಲ್ಲ ನಂಬಿತು. ಅಜ್ಜಿ ತಾಯತ ಕಟ್ಟಿಸಿದರು. ಅಪ್ಪ ಮಾತ್ರ ಮುಂದಿನ ವಾರವೇ ಬಸ್ಸು ಹತ್ತಿಸಿ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಔಷಧ ಕೊಡುವ ಕಿಟಕಿಯ ಮುಂದೆ ಅವರ ಜೊತೆ ಸಾಲಿನಲ್ಲಿ ನಿಂತಿದ್ದಾಗಲೇ ನಾನು ಮುಂದೆ ಏನು ಓದಬೇಕೆಂದು ತೀರ್ಮಾನಿಸಿದ್ದು. ಈಗ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಫಿಟ್ಸ್ ಮಾತ್ರೆಗಳ ಚೀಟಿ ದಿನಕ್ಕೆ ನಾಲ್ಕಾದರೂ ನನ್ನ ಕೈಮೇಲೆ ಹೋಗುತ್ತವೆ.

ಇಯಾನ್ ಕರ್ಟಿಸ್‌ನನ್ನು ನಮ್ಮ ಮನೆಗೆ ತಂದವನು ತಮ್ಮ, ಪಿಯುಸಿಯಲ್ಲಿದ್ದಾಗ. ಹಾಸ್ಟೆಲಿನಿಂದ ಫೋನ್ ಮಾಡಿ, “ಅಕ್ಕ, ಇವನಿಗೂ ಇತ್ತಂತೆ” ಎಂದ. ಅಷ್ಟೇ ಹೇಳಿದ್ದು.

ಪಿಕಡಿಲಿ ಗಾರ್ಡನ್ಸ್‌ನಲ್ಲಿ ಟ್ರಾಮು, ಪಾರಿವಾಳ, ಊಟದ ಗಾಡಿಗಳ ಹೊಗೆ. ಇದರ ಪಕ್ಕದ ಕಚೇರಿಯೊಂದರಲ್ಲಿ ಇಯಾನ್ ಸರ್ಕಾರಿ ನೌಕರನಾಗಿದ್ದ. ಮ್ಯಾನ್‌ಪವರ್ ಸರ್ವಿಸಸ್ ಕಮಿಷನ್, ಅಂದರೆ ಉದ್ಯೋಗ ಇಲಾಖೆಯ ಒಂದು ಅಂಗ. ಅವನ ಕತೆ ಹೇಳುವವರು ಬಹಳ ಮಂದಿ ಕತ್ತಲು, ಮಳೆ, ಹಾಳುಬಿದ್ದ ಕಾರ್ಖಾನೆಗಳಿಂದ ಶುರುಮಾಡುತ್ತಾರೆ. ನನಗೆ ಅವನು ಮೊದಲು ಕಾಣುವುದು ಬೆಳಿಗ್ಗೆ ಟಿಫಿನ್ ಕಟ್ಟಿಕೊಂಡು ಆಫೀಸಿಗೆ ಹೊರಡುವ, ಹತ್ತೊಂಬತ್ತಕ್ಕೇ ಮದುವೆಯಾದ ಹುಡುಗನಾಗಿ. 1975ರ ಆಗಸ್ಟ್‌ನಲ್ಲಿ ಡೆಬೊರಾಳನ್ನು ಮದುವೆಯಾದ. ರಾತ್ರಿ ಹಾಡು, ಹಗಲು ಫೈಲು. ಈ ಎರಡರ ನಡುವೆ ನಿದ್ದೆಗೆ ಎಷ್ಟು ಗಂಟೆ ಉಳಿಯುತ್ತಿತ್ತು ಎಂಬುದು ನನ್ನ ವೃತ್ತಿಯವರಿಗೆ ಮೊದಲು ಹೊಳೆಯುವ ಪ್ರಶ್ನೆ. ನಿದ್ದೆಗೆಟ್ಟರೆ ಫಿಟ್ಸ್ ಹೆಚ್ಚುತ್ತದೆ.

ಪೀಟರ್ ಸ್ಟ್ರೀಟಿನ ಫ್ರೀ ಟ್ರೇಡ್ ಹಾಲ್ ಈಗ ಹೋಟೆಲ್. ಕಲ್ಲಿನ ಮುಖಭಾಗ ಮಾತ್ರ ಹಳೆಯದು. 1976ರ ಜೂನ್ 4ರಂದು ಇದರ ಮೇಲಂತಸ್ತಿನ ಸಣ್ಣ ಸಭಾಂಗಣದಲ್ಲಿ, ಪಂಕ್ ಎಂಬ ಒರಟು ರಾಕ್ ಸಂಗೀತದ ಸೆಕ್ಸ್ ಪಿಸ್ಟಲ್ಸ್ ತಂಡ ನುಡಿಸಿತು. ನಲವತ್ತು ಚಿಲ್ಲರೆ ಜನ ಬಂದಿದ್ದರಂತೆ. ಅವರಲ್ಲಿ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಎಂಬ ಗೆಳೆಯರಿಬ್ಬರು ಇದ್ದರು. ಹುಕ್ ಮಾರನೆಯ ದಿನವೇ ಹೋಗಿ ಬೇಸ್ ಗಿಟಾರು ಕೊಂಡ, ನುಡಿಸಲು ಆಮೇಲೆ ಕಲಿತ. ಜುಲೈ 20ರಂದು ಅದೇ ತಂಡ ಮತ್ತೆ ಬಂದಾಗ ಇಯಾನ್ ಬಂದಿದ್ದ. ಹಾಡುಗಾರ ಬೇಕಾಗಿದ್ದಾನೆ ಎಂದು ಆ ಗೆಳೆಯರು ರೆಕಾರ್ಡ್ ಅಂಗಡಿಯಲ್ಲಿ ಚೀಟಿ ಅಂಟಿಸಿದಾಗ ಅವನು ಉತ್ತರಿಸಿದ. ಮುಖಪರಿಚಯ ಇದ್ದದ್ದರಿಂದ ಪರೀಕ್ಷೆಯೇನೂ ಮಾಡದೆ ಸೇರಿಸಿಕೊಂಡರು. ಡ್ರಮ್ಮಿಗೆ ಕೊನೆಗೆ ಸಿಕ್ಕವನು ಸ್ಟೀಫನ್ ಮಾರಿಸ್. ಇಯಾನ್‌ನ ಊರಿನವನು, ಅವನು ಓದಿದ ಶಾಲೆಯಲ್ಲೇ ಓದಿದವನು. ಮೊದಲು ವಾರ್ಸಾ ಎಂಬ ಹೆಸರಿಟ್ಟುಕೊಂಡಿದ್ದರು, 1978ರ ಶುರುವಿನಲ್ಲಿ ಜಾಯ್ ಡಿವಿಷನ್ ಎಂದು ಬದಲಿಸಿದರು. ನಾಜಿ ಶಿಬಿರಗಳಲ್ಲಿ ಹೆಂಗಸರನ್ನು ಲೈಂಗಿಕ ಗುಲಾಮಗಿರಿಗೆ ದೂಡಿದ ವಿಭಾಗಕ್ಕೆ ಒಂದು ಕಾದಂಬರಿಯಲ್ಲಿದ್ದ ಹೆಸರು ಅದು. ಈ ಆಯ್ಕೆಯನ್ನು ನಾನು ಇಂದಿಗೂ ಒಪ್ಪಲಾರೆ. ತಮ್ಮನ ಜೊತೆ ಈ ವಿಷಯಕ್ಕೆ ಎಷ್ಟೋ ಸಲ ಜಗಳವಾಡಿದ್ದೇನೆ, ಅವತ್ತು ಆ ಹೋಟೆಲಿನ ಎದುರೂ ಆಡಿದೆ.

ಸಂಜೆ ಹ್ಯೂಮ್‌ಗೆ ನಡೆದೆವು. ಪ್ರಿನ್ಸೆಸ್ ರೋಡಿನ ಮೇಲೆ ಒಂದು ಸಾದಾ ಕಾಂಕ್ರೀಟು ಕಾಲುಸೇತುವೆ, ಕೆಳಗೆ ಎಡೆಬಿಡದ ಕಾರುಗಳು. 1979ರ ಜನವರಿ 6ರಂದು, ಹಿಮ ಬಿದ್ದ ದಿನ, ಕೆವಿನ್ ಕಮಿನ್ಸ್ ಎಂಬ ಫೋಟೊಗ್ರಾಫರ್ ಈ ತಂಡವನ್ನು ಇಲ್ಲಿ ನಿಲ್ಲಿಸಿ ಚಿತ್ರ ತೆಗೆದ. ಬೆಳ್ಳಗಿನ ಹರವಿನ ನಡುವೆ ನಾಲ್ಕು ಕಪ್ಪು ಚುಕ್ಕೆ. ಪೋಸ್ಟ್-ಪಂಕ್ ಅಂದರೆ ಏನೆಂದು ಯಾರಾದರೂ ಕೇಳಿದರೆ ತಮ್ಮ ಈ ಚಿತ್ರವನ್ನೇ ತೋರಿಸುತ್ತಾನೆ. ಪಂಕ್‌ನವರ ಸಿಟ್ಟು ಹೊರಕ್ಕೆ, ಬೀದಿಗೆ, ರಾಣಿಯ ಮೇಲೆ ಹರಿಯಿತು. ಅದರ ಬೆನ್ನಿಗೇ ಬಂದ ಇವರಲ್ಲಿ ಅದೇ ಸಿಟ್ಟು ಒಳಮುಖವಾಯಿತು, ವೇಗ ತಗ್ಗಿತು, ವಾದ್ಯಗಳ ನಡುವೆ ಖಾಲಿ ಜಾಗ ಬಂತು. ಆ ಖಾಲಿ ಜಾಗದಲ್ಲಿ ಇಯಾನ್‌ನ ತಗ್ಗಿನ ದನಿ ನಿಲ್ಲುತ್ತಿತ್ತು.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ ಲೆಕ್ಕ. ಈ ಫೋಟೊ ತೆಗೆಯುವ ಹತ್ತು ದಿನ ಮೊದಲು, 1978ರ ಡಿಸೆಂಬರ್ 27ರಂದು, ಲಂಡನ್ನಿನಲ್ಲಿ ಹಾಡಿ ವಾಪಸು ಬರುವಾಗ ಕಾರಿನಲ್ಲಿ ಅವನಿಗೆ ದೊಡ್ಡ ಫಿಟ್ಸ್ ಬಂದಿತ್ತು. ಫೋಟೊ ತೆಗೆದ ಹದಿನೇಳು ದಿನಕ್ಕೆ, ಜನವರಿ 23ರಂದು, ವೈದ್ಯರು ಅಪಸ್ಮಾರ ಎಂದು ಖಚಿತಪಡಿಸಿದರು. ಹಾಗಾದರೆ ಸೇತುವೆಯ ಮೇಲೆ ನಿಂತ ಹುಡುಗ ತನಗೇನಾಗಿದೆ ಎಂದು ಇನ್ನೂ ತಿಳಿಯದವನು. ಆ ಕಾಯುವ ದಿನಗಳು ಹೇಗಿರುತ್ತವೆ ಎಂದು ನಮ್ಮ ಮನೆಗೆ ಗೊತ್ತು.

ಒಂಬತ್ತಕ್ಕೆ ತಮ್ಮನ ಫೋನು ಕೂಗಿತು. ಲೆವೆಟಿರಾಸೆಟಮ್, ಫಿಟ್ಸ್ ಮಾತ್ರೆ, ರಾತ್ರಿಯದು. ಸೇತುವೆಯ ಮೇಲೇ ಬಾಟಲಿ ತೆಗೆದು ಗುಟುಕರಿಸಿದ.

ಶನಿವಾರ, ಮೇ 17

ಸ್ಟಾಕ್‌ಪೋರ್ಟ್‌ಗೆ ರೈಲಿನಲ್ಲಿ ಹತ್ತೇ ನಿಮಿಷ. ಊರಿಗೆ ಊರೇ ಒಂದು ಭಾರಿ ಇಟ್ಟಿಗೆ ಸೇತುವೆಯ ಕೆಳಗೆ ಕೂತಿದೆ. 27 ಕಮಾನು, 1840ರದು. ಅದನ್ನು ದಾಟಿ ವಾಟರ್‌ಲೂ ರೋಡಿಗೆ ಹೋದರೆ ಸ್ಟ್ರಾಬೆರಿ ಸ್ಟುಡಿಯೋ ಇದ್ದ ಕಟ್ಟಡ. ಈಗ ಸ್ಟುಡಿಯೋ ಇಲ್ಲ, ಗೋಡೆಯ ಮೇಲೆ ನೆನಪಿನ ಫಲಕವಿದೆ. 1979ರ ಏಪ್ರಿಲ್‌ನಲ್ಲಿ ಇದರೊಳಗೆ ‘ಅನ್‌ನೋನ್ ಪ್ಲೆಶರ್ಸ್’ ಧ್ವನಿಮುದ್ರಣವಾಯಿತು.

ಮುದ್ರಿಸಿದವನು ಮಾರ್ಟಿನ್ ಹ್ಯಾನೆಟ್. ಈ ಮನುಷ್ಯನ ಬಗ್ಗೆ ತಮ್ಮ ಮಾತು ಶುರುಮಾಡಿದರೆ ನಿಲ್ಲಿಸುವುದಿಲ್ಲ, ನಾನೂ ಅವತ್ತು ನಿಲ್ಲಿಸಲಿಲ್ಲ. ಡ್ರಮ್ಮಿನ ಒಂದೊಂದು ಪೆಟ್ಟೂ ಬೇರೆಬೇರೆಯಾಗಿ, ಚೊಕ್ಕವಾಗಿ ಬರಬೇಕೆಂದು ಪಾಪದ ಸ್ಟೀಫನ್‌ನಿಂದ ಡ್ರಮ್ಮುಗಳನ್ನು ಒಂದೊಂದಾಗಿ ನುಡಿಸಿ ಮುದ್ರಿಸಿದನಂತೆ. ಆಗಷ್ಟೇ ಬಂದಿದ್ದ ಡಿಜಿಟಲ್ ಡಿಲೇ ಯಂತ್ರದಲ್ಲಿ ಆ ಪೆಟ್ಟುಗಳಿಗೆ ಪ್ರತಿಧ್ವನಿ ಕೂಡಿಸಿದ. ಲಿಫ್ಟಿನ ಸದ್ದು, ಗಾಜು ಒಡೆಯುವ ಸದ್ದು ಸೇರಿಸಿದ. ‘ಇನ್‌ಸೈಟ್’ ಎಂಬ ಹಾಡಿಗೆ ಇಯಾನ್‌ನ ದನಿ ದೂರದಿಂದ ಕೇಳಬೇಕೆಂದು ಟೆಲಿಫೋನ್ ತಂತಿಯ ಮೂಲಕ ಹಾಡಿಸಿಕೊಂಡ. ವೇದಿಕೆಯಲ್ಲಿ ಅಬ್ಬರಿಸುತ್ತಿದ್ದ ತಂಡ ರೆಕಾರ್ಡಿನಲ್ಲಿ ಪಾಳು ಬಂಗಲೆಯೊಳಗೆ ನುಡಿಸಿದ ಹಾಗೆ ಕೇಳಿತು. ಸಮ್ನರ್‌ಗೂ ಹುಕ್‌ಗೂ ಇದು ಹಿಡಿಸಲಿಲ್ಲ, ನಮ್ಮ ಸದ್ದನ್ನು ಕೊಂದ ಎಂದು ಕೂಗಾಡಿದರು. ನಲವತ್ತಾರು ವರ್ಷದ ಮೇಲೂ ಆ ಆಲ್ಬಮ್ ಹಳತಾಗಿಲ್ಲ ಎಂದರೆ ಅದಕ್ಕೆ ಕಾರಣ ಆ ಹಟಮಾರಿಯೇ ಎನ್ನುವುದು ನಮ್ಮಿಬ್ಬರ ಮತ.

ಆ ಆಲ್ಬಮ್‌ನಲ್ಲಿ ‘ಶೀಸ್ ಲಾಸ್ಟ್ ಕಂಟ್ರೋಲ್’ ಎಂಬ ಹಾಡಿದೆ. ಅದರ ಹಿನ್ನೆಲೆ ತಿಳಿದ ಮೇಲೆ ನಾನು ಅದನ್ನು ಸುಮ್ಮನೆ ಕೇಳಲಾರದವಳಾದೆ. ಇಯಾನ್ ಮ್ಯಾಂಚೆಸ್ಟರಿನಿಂದ ತನ್ನೂರು ಮ್ಯಾಕಲ್ಸ್‌ಫೀಲ್ಡ್‌ನ ಉದ್ಯೋಗ ವಿನಿಮಯ ಕಚೇರಿಗೆ ಬದಲಾಗಿ ಬಂದಿದ್ದ. ಅಂಗವೈಕಲ್ಯ ಇದ್ದವರಿಗೆ ಕೆಲಸ ಹುಡುಕಿಕೊಡುವುದು ಅಲ್ಲಿ ಅವನ ಪಾಲಿನ ಹೊಣೆ. ಆ ಕೆಲಸವನ್ನು ಅವನು ಮನಸ್ಸಿಟ್ಟು ಮಾಡುತ್ತಿದ್ದ ಎಂದು ಅವನನ್ನು ಬಲ್ಲವರೆಲ್ಲ ಹೇಳಿದ್ದಾರೆ. ಅಲ್ಲಿಗೆ ಫಿಟ್ಸ್ ಇದ್ದ ಒಬ್ಬ ಹುಡುಗಿ ಕೆಲಸ ಕೇಳಿಕೊಂಡು ಬರುತ್ತಿದ್ದಳು. ಒಂದಷ್ಟು ದಿನ ಬಂದವಳು ಆಮೇಲೆ ಬರಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿರಬೇಕು ಎಂದುಕೊಂಡ. ಸಿಕ್ಕಿರಲಿಲ್ಲ, ಫಿಟ್ಸ್ ಬಂದು ತೀರಿಕೊಂಡಿದ್ದಳು. ಆ ಹುಡುಗಿಯ ಮೇಲೆ ಅವನು ಆ ಹಾಡು ಬರೆದ. ಬೀದಿಯವರು ಕಬ್ಬಿಣ ಹಿಡಿಸಿ ಕೈತೊಳೆದುಕೊಳ್ಳುವ ರೋಗಿಯನ್ನು ಒಬ್ಬ ಗುಮಾಸ್ತ ತನ್ನ ಮೇಜಿನಾಚೆಯಿಂದ ಮನುಷ್ಯಳಾಗಿ ಕಂಡದ್ದು ಆ ಹಾಡಿನಲ್ಲಿದೆ.

ಅವನಿಗೆ ಕೊಟ್ಟ ಮಾತ್ರೆಗಳ ಹೆಸರು ನನಗೆ ಚೆನ್ನಾಗಿ ಗೊತ್ತು: ಫೀನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪೀನ್, ವಾಲ್ಪ್ರೋಯೇಟ್. ಇವು ಕೆಟ್ಟ ಔಷಧಗಳಲ್ಲ, ಕೋಟ್ಯಂತರ ಜನರನ್ನು ಉಳಿಸಿವೆ, ಇಂದಿಗೂ ಉಳಿಸುತ್ತಿವೆ. ಆದರೆ ಫೀನೋಬಾರ್ಬಿಟೋನ್ ಮನಸ್ಸಿಗೆ ಮಂಕು ಕವಿಸಬಲ್ಲದು, ಖಿನ್ನತೆಯ ಕಡೆಗೂ ನೂಕಬಲ್ಲದು. ಎರಡು ಮೂರು ಮಾತ್ರೆ ಒಟ್ಟಿಗೆ ನುಂಗುವಾಗ ಒಂದರ ಮೇಲೊಂದು ಅವುಗಳ ಭಾರ ಬೀಳುತ್ತದೆ. ಇವತ್ತಾದರೆ ಒಂದು ಮಾತ್ರೆ ಹೊಂದದಿದ್ದರೆ ಕೊಡಲು ಇನ್ನೂ ಹತ್ತಾರಿವೆ. ಲ್ಯಾಮೋಟ್ರಿಜಿನ್ ಬಂದದ್ದು ತೊಂಬತ್ತರ ದಶಕದಲ್ಲಿ, ತಮ್ಮ ನುಂಗುವ ಲೆವೆಟಿರಾಸೆಟಮ್ 2000ದ ಹೊತ್ತಿಗೆ. ಅದೂ ಕೆಲವರಿಗೆ ಸಿಡುಕು, ಬೇಸರ ತರುತ್ತದೆ. ಅದಕ್ಕೇ ನಾನು ಅವನಿಗೆ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳುವ ಮೊದಲು ಮನಸ್ಸು ಹೇಗಿದೆ ಎಂದು ಕೇಳುತ್ತೇನೆ. ಇಯಾನ್ ತಾನಾಗಿ ಬ್ರಿಟಿಷ್ ಎಪಿಲೆಪ್ಸಿ ಅಸೋಸಿಯೇಷನ್ನಿಗೆ ಹೆಸರು ಬರೆಸಿದ್ದ. ತಿಳಿದುಕೊಳ್ಳುವ, ಸರಿಹೋಗುವ ಆಸೆ ಅವನಿಗಿತ್ತು. ಸಾವನ್ನು ಹುಡುಕಿಕೊಂಡು ಹೋದ ಕವಿ ಎಂದು ಅವನನ್ನು ಚಿತ್ರಿಸುವವರು ಈ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಮಧ್ಯಾಹ್ನ ಮ್ಯಾಂಚೆಸ್ಟರ್ ಕಡೆಗೇ ಬಸ್ಸಿನಲ್ಲಿ ಹಿಂದಕ್ಕೆ ಬಂದು ಸದರ್ನ್ ಸಿಮೆಟರಿ ಹೊಕ್ಕೆವು. ನಮ್ಮ ಒಂದು ಹೋಬಳಿಯಷ್ಟು ಅಗಲ ಅನ್ನಿಸುವ ಮಸಣ. ಟೋನಿ ವಿಲ್ಸನ್‌ನ ಕಪ್ಪು ಗ್ರಾನೈಟ್ ಕಲ್ಲು ದೂರದಿಂದಲೇ ಹೊಳೆಯುತ್ತದೆ. ಗ್ರನಾಡಾ ಟಿವಿಯಲ್ಲಿ ಸುದ್ದಿ ಓದುತ್ತಿದ್ದವನು, ಈ ತಂಡದ ಆಲ್ಬಮ್‌ಗಳನ್ನು ಹೊರತಂದ ಫ್ಯಾಕ್ಟರಿ ರೆಕಾರ್ಡ್ಸ್ ಕಂಪನಿ ಕಟ್ಟಿದವರಲ್ಲಿ ಒಬ್ಬ. ನಮ್ಮನ್ನು ಯಾಕೆ ಟಿವಿಯಲ್ಲಿ ತೋರಿಸಿಲ್ಲ ಎಂದು ಇಯಾನ್ ಅವನಿಗೆ ಬೈಗುಳ ತುಂಬಿದ ಚೀಟಿ ಕೊಟ್ಟಿದ್ದ. 1978ರ ಸೆಪ್ಟೆಂಬರ್‌ನಲ್ಲಿ ವಿಲ್ಸನ್ ತೋರಿಸಿದ. ಇದೇ ಮಸಣದಲ್ಲಿ ಹ್ಯಾನೆಟ್ ಇದ್ದಾನೆ, 1991ರಲ್ಲಿ 42ಕ್ಕೆ ಹೋದವನು. ತಂಡದ ಮ್ಯಾನೇಜರ್ ರಾಬ್ ಗ್ರೆಟನ್ ಕೂಡ ಇಲ್ಲೇ. ಕಲ್ಲುಬೆಂಚಿನ ಮೇಲೆ ಕೂತು ನಾನು ತಂದಿದ್ದ ಚಿತ್ರಾನ್ನ ಬಿಚ್ಚಿದೆವು. ಮಸಣದಲ್ಲಿ ಊಟವೇ ಎಂದು ಅಮ್ಮ ಬೈಯುತ್ತಿದ್ದರು.

“ಇವರೆಲ್ಲ ಸಾಯೋವರೆಗೂ ಅವನ ವಿಷಯ ಮಾತಾಡ್ತಾನೇ ಇದ್ರು ಅಕ್ಕ,” ಎಂದ ತಮ್ಮ. “ಆದ್ರೆ ಅವನು ಇದ್ದಾಗ ಅವನು ಬರೆದದ್ದನ್ನ ಓದಿರ್ಲಿಲ್ಲ.”

ಈ ಮಾತನ್ನು ತಂಡದವರೇ ಒಪ್ಪಿಕೊಂಡಿದ್ದಾರೆ. ಗದ್ದಲದಲ್ಲಿ ಪದಗಳು ಕೇಳಿಸುತ್ತಿರಲಿಲ್ಲ, ಕೇಳಿಸಿದ್ದೂ ಬೇರೆ ಯಾರದೋ ಕತೆ ಎಂದುಕೊಂಡಿದ್ದೆವು ಎನ್ನುವುದು ಅವರ ಪಶ್ಚಾತ್ತಾಪ. ಎಲ್ಲರೂ ಇಪ್ಪತ್ತೆರಡರಿಂದ ಇಪ್ಪತ್ನಾಲ್ಕರ ಹುಡುಗರು. ನಾನು ಅವರನ್ನು ದೂರುವುದಿಲ್ಲ. ವೇದಿಕೆಯ ಮೇಲೆ ಅವನ ಕೈಗಳು ಗಿರಕಿ ಹೊಡೆಯುತ್ತಿದ್ದವು, ಕಣ್ಣು ಎಲ್ಲೋ ನೆಟ್ಟಿರುತ್ತಿತ್ತು, ಜನ ಅದನ್ನು ಕುಣಿತ ಎನ್ನುತ್ತಿದ್ದರು. ನಿಜವಾಗಿ ಫಿಟ್ಸ್ ಬಂದಾಗಲೂ ಕುಣಿತವೆಂದೇ ಚಪ್ಪಾಳೆ ತಟ್ಟಿದವರಿದ್ದಾರೆ. 1980ರ ಏಪ್ರಿಲ್ 4ರಂದು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಮಿಂಚುದೀಪ ಹಾಕಿದರು, ಅವನು ಡ್ರಮ್ಮಿನ ಮೇಲೆ ಕುಸಿದ. ಅದೇ ರಾತ್ರಿ ಇನ್ನೊಂದು ಕಡೆ ಮತ್ತೆ ಹಾಡಿ, ಮತ್ತೆ ಬಿದ್ದ. ಮೂರು ದಿನ ಕಳೆಯುವಷ್ಟರಲ್ಲಿ ಮೊದಲ ಸಲ ಜೀವ ಕಳೆದುಕೊಳ್ಳಲು ನೋಡಿದ. ಆಸ್ಪತ್ರೆಯಿಂದ ಬಂದವನನ್ನು ಏಪ್ರಿಲ್ 8ರಂದು ಬರಿ ಎಂಬ ಊರಿನ ಕಾರ್ಯಕ್ರಮಕ್ಕೆ ಕರೆದೊಯ್ದರು. ಅವನು ಒಂದೆರಡು ಹಾಡಷ್ಟೇ ಹಾಡಿದ, ಉಳಿದದ್ದನ್ನು ಬೇರೆಯವರು ಹಾಡಿದರು. ಜನ ಬಾಟಲಿ ತೂರಿದರು, ಹೊಡೆದಾಟವಾಯಿತು. ಎಲ್ಲ ತನ್ನಿಂದಲೇ ಆಯಿತೆಂದು ಅವನು ಕೂತು ಅತ್ತ.

ಕಾರ್ಯಕ್ರಮ ರದ್ದು ಮಾಡಿ ಮಲಗಿಸಬೇಕಿತ್ತು. ಇದನ್ನು ಇಷ್ಟು ವರ್ಷಗಳ ನಂತರ ಬರೆಯುವುದು ಸುಲಭ, ಗೊತ್ತು. ಆದರೂ ಬರೆಯುತ್ತೇನೆ.

ಏಳರ ರೈಲಿಗೆ ಮ್ಯಾಕಲ್ಸ್‌ಫೀಲ್ಡ್. ಇಳಿದ ತಕ್ಷಣ ತಲೆಯೆತ್ತಿದರೆ ಗುಡ್ಡದ ಮೇಲೆ ಇಗರ್ಜಿ, ಅಲ್ಲಿಗೆ ಏರಲು 108 ಮೆಟ್ಟಿಲು. ನೂರೆಂಟು ಎಂಬ ಸಂಖ್ಯೆ ಕೇಳಿ ತಮ್ಮ ನಕ್ಕ. ಇಬ್ಬರೂ ಎಣಿಸುತ್ತಲೇ ಹತ್ತಿದೆವು.

ಭಾನುವಾರ, ಮೇ 18

ಮೋಡ ಕವಿದ ಬೆಳಗು, ಮಳೆಯಿಲ್ಲ. ಬೇಗ ಎದ್ದು ಊರು ಸುತ್ತಲು ಹೊರಟೆವು.

ಮ್ಯಾಕಲ್ಸ್‌ಫೀಲ್ಡ್ ರೇಷ್ಮೆಯ ಊರು. ಇದು ನನಗೆ ಬರುವ ಮೊದಲೇ ಗೊತ್ತಿತ್ತು, ಆದರೂ ಕಣ್ಣಿನಲ್ಲಿ ಕಂಡಾಗ ಎದೆ ತುಂಬಿ ಬಂತು. ಇಲ್ಲಿ ಮೊದಲ ರೇಷ್ಮೆ ಮಿಲ್ಲು ಎದ್ದದ್ದು 1743ರಲ್ಲಿ. 1832ರ ಹೊತ್ತಿಗೆ 71 ಮಿಲ್ಲುಗಳಿದ್ದವು. ಇವರ ಹತ್ತಿರ ಹುಳುವೂ ಇಲ್ಲ, ಹಿಪ್ಪುನೇರಳೆಯೂ ಇಲ್ಲ. ಕಚ್ಚಾ ರೇಷ್ಮೆ ಹೊರದೇಶಗಳಿಂದ ಬರುತ್ತಿತ್ತು, ಇವರದು ಹುರಿ ಹಾಕುವ, ನೇಯುವ ಕೆಲಸ. ನಮ್ಮೂರಿನ ಕೆಲಸ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಇವರದು ಶುರು. ಪ್ಯಾರಡೈಸ್ ಮಿಲ್ಲಿನಲ್ಲಿ 26 ಜಕಾರ್ಡ್ ಮಗ್ಗಗಳನ್ನು ಇನ್ನೂ ಕಾಪಾಡಿಕೊಂಡಿದ್ದಾರೆ. ಊರಿನ ಫುಟ್‌ಬಾಲ್ ತಂಡಕ್ಕೂ ಸಿಲ್ಕ್‌ಮೆನ್ ಎಂಬ ಅಡ್ಡಹೆಸರು. ಸಣ್ಣ ಕಿಟಕಿಗಳ ಸಾಲು, ಕೆಂಪು ಇಟ್ಟಿಗೆ, ಇಳಿಜಾರು ಬೀದಿ. ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಕೇಳಿಸುವಷ್ಟು ಒತ್ತಾದ ಮನೆಗಳು. ರೇಷ್ಮೆ ಪೇಟೆಯಲ್ಲಿ ಹುಟ್ಟಿದವರಿಗೆ ಇಂಥ ಬೀದಿ ಹೊಸತಲ್ಲ. ಇಲ್ಲಿ ಯಾರಿಗೆ ಏನು ಕಾಯಿಲೆ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಬಾಯಿಬಿಟ್ಟು ಮಾತ್ರ ಯಾರೂ ಆಡುವುದಿಲ್ಲ.

ಇಯಾನ್‌ನ ಅಪ್ಪ ರೈಲ್ವೆ ಪೊಲೀಸಿನಲ್ಲಿದ್ದವರು. ಹುಡುಗ ಓದಿನಲ್ಲಿ ಚುರುಕು, ಹನ್ನೊಂದಕ್ಕೇ ಸ್ಕಾಲರ್‌ಶಿಪ್ ಗೆದ್ದು ಊರಿನ ಹೆಸರಾಂತ ಕಿಂಗ್ಸ್ ಸ್ಕೂಲ್ ಸೇರಿದ. ಕವಿತೆ ಓದುತ್ತಿದ್ದ, ಬರೆಯುತ್ತಿದ್ದ. ಓದನ್ನು ಪೂರ್ತಿ ಮಾಡಲಿಲ್ಲ.

ಬಾರ್ಟನ್ ಸ್ಟ್ರೀಟ್ ಹುಡುಕುವುದು ಕಷ್ಟವಾಗಲಿಲ್ಲ. 1977ರಲ್ಲಿ ಗಂಡ ಹೆಂಡತಿ ಇಲ್ಲಿಗೆ ಬಂದರು. ಮನೆ ಸಾಲುಮನೆಗಳಲ್ಲೊಂದು. ಬಾಗಿಲಿನ ಒಂದು ಪಕ್ಕದ ಕೋಣೆಯನ್ನು ಅವನು ಬರೆಯಲಿಕ್ಕೆಂದೇ ಇಟ್ಟುಕೊಂಡು ನೀಲಿ ಬಣ್ಣ ಬಳಿಸಿದ್ದ. ಹಾಡುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಆ ನೀಲಿ ಕೋಣೆಯಲ್ಲಿ. 1979ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಕೈಯಲ್ಲಿರುವಾಗ ಫಿಟ್ಸ್ ಬಂದುಬಿಟ್ಟರೆ ಎಂದು ಮಗುವನ್ನು ಎತ್ತಿಕೊಳ್ಳಲು ಹೆದರುತ್ತಿದ್ದ. ಈ ಒಂದು ಸಂಗತಿ ನನಗೆ ಅವನ ಎಲ್ಲ ಹಾಡುಗಳಿಗಿಂತ ಭಾರ.

ಅವನನ್ನು ದೇವರ ಪಟದ ಹಾಗೆ ಗೋಡೆಗೆ ಹಾಕಲು ನಾನು ಬಂದಿಲ್ಲ. ಬೆಲ್ಜಿಯಂನ ಅನಿಕ್ ಒನೊರೆ ಎಂಬಾಕೆಯಲ್ಲಿ ಮನಸ್ಸಿಟ್ಟ, ಮನೆಯಲ್ಲಿ ಮುಚ್ಚಿಟ್ಟ, ಹೆಂಡತಿಯನ್ನು ಬಹಳ ನೋಯಿಸಿದ. ಮಗು ಕಟ್ಟಿಕೊಂಡು, ದುಡ್ಡಿಲ್ಲದೆ, ಗಂಡನ ಕಾಯಿಲೆಯ ಜೊತೆ ಗಂಡನ ಗುಟ್ಟನ್ನೂ ಹೊತ್ತವಳು ಡೆಬೊರಾ. ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’ ಹಾಡನ್ನು ಕುಣಿಯುವಾಗ ಕೂಡ ಹಾಕುತ್ತಾರೆ. ಪ್ರೀತಿಯೇ ನಮ್ಮನ್ನು ಸೀಳಿ ಬೇರೆ ಮಾಡುತ್ತದೆ ಎಂದು ಹೆಸರಿನಲ್ಲೇ ಹೇಳುವ ಹಾಡು, ಒಡೆಯುತ್ತಿದ್ದ ಈ ಮನೆಯೊಳಗಿನಿಂದ ಬಂದದ್ದು. ಅವನು ಹೋದ ಮೇಲೆ ಜೂನ್‌ನಲ್ಲಿ ಹೊರಬಂದು ಬ್ರಿಟನ್ನಿನ ಪಟ್ಟಿಯಲ್ಲಿ 13ನೇ ಸ್ಥಾನಕ್ಕೇರಿತು. ಎರಡನೆಯ ಆಲ್ಬಮ್ ‘ಕ್ಲೋಸರ್’ ಜುಲೈನಲ್ಲಿ ಬಂದು 6ನೇ ಸ್ಥಾನ ಮುಟ್ಟಿತು. ಅವನು ಯಾವುದನ್ನೂ ನೋಡಲಿಲ್ಲ.

ಬೀದಿಯಲ್ಲಿ ನಮ್ಮ ಹಾಗೇ ಬಂದ ಐದಾರು ಮಂದಿ ಇದ್ದರು. ಒಬ್ಬ ಫೋನು ಎತ್ತಿ ಕಿಟಕಿಯತ್ತ ಹಿಡಿದಾಗ ತಮ್ಮ ಮುಖ ತಿರುಗಿಸಿದ. ನಾವು ಫೋಟೊ ತೆಗೆಯಲಿಲ್ಲ. ನಲವತ್ತೈದು ವರ್ಷದ ಹಿಂದೆ ಇದೇ ಭಾನುವಾರದ ನಸುಕಿನಲ್ಲಿ ಆ ಮನೆಯೊಳಗೆ ಏನಾಯಿತು, ಹೇಗಾಯಿತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ತಿಳಿಯುವುದರಿಂದ ಯಾರಿಗೂ ಒಳಿತಿಲ್ಲ. ಅವನು ಆ ರಾತ್ರಿ ಒಬ್ಬನೇ ಇದ್ದ. ಅಷ್ಟು ಸಾಕು.

ಪ್ರೆಸ್ಟ್‌ಬರಿ ರೋಡಿನ ಚಿತಾಗಾರಕ್ಕೆ ನಡೆದೇ ಹೋದೆವು. 1980ರ ಮೇ 23ರಂದು ಅವನ ದೇಹವನ್ನು ಇಲ್ಲಿ ದಹನ ಮಾಡಿದರು. ದೊಡ್ಡ ಸಮಾಧಿಯನ್ನು ನಿರೀಕ್ಷಿಸಿ ಹೋದವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ದಾರಿಯ ಅಂಚಿಗೆ ಸಾಲಾಗಿ ನೆಟ್ಟ ಅಂಚುಕಲ್ಲುಗಳಲ್ಲಿ ಒಂದು, ಅಷ್ಟೇ. ಅದರ ಮೇಲೆ ಹೆಸರು, 18-5-80, ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’ ಎಂಬ ಪದಗಳು. 2008ರಲ್ಲಿ ಆ ಕಲ್ಲನ್ನೇ ಯಾರೋ ಕಿತ್ತುಕೊಂಡು ಹೋದರು, ಆಮೇಲೆ ಹೊಸದು ಹಾಕಿದರು. ಅವತ್ತು ಅದರ ಸುತ್ತ ಹೂ, ಚಿಲ್ಲರೆ ನಾಣ್ಯ, ಗಿಟಾರಿನ ಪಿಕ್ಕು, ಮಡಿಸಿಟ್ಟ ಕಾಗದಗಳು. ಅರವತ್ತು ದಾಟಿದ ದಂಪತಿ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು. ಹದಿನಾರರ ಹುಡುಗಿಯೊಬ್ಬಳು ನೆಲದ ಮೇಲೆ ಕೂತು ಬಿಕ್ಕುತ್ತಿದ್ದಳು, ಅವಳ ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರು, ಮಳೆ ಇಲ್ಲದಿದ್ದರೂ.

ತಮ್ಮ ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದ. ಬಿಚ್ಚಿದರೆ ಒಂದು ರೇಷ್ಮೆಗೂಡು. ಕಳೆದ ಸಲ ಊರಿಗೆ ಹೋದಾಗ ಅಪ್ಪನ ಶೆಡ್ಡಿನಿಂದ ಎತ್ತಿಟ್ಟುಕೊಂಡಿದ್ದನಂತೆ, ನನಗೆ ಹೇಳಿರಲಿಲ್ಲ. ಹಳದಿಯದು, ನಮ್ಮ ಕಡೆಯ ಮಿಶ್ರತಳಿ. ಕಲ್ಲಿನ ಮೇಲೆ ಇಟ್ಟ.

“ಒಂಬತ್ತನೇ ಕ್ಲಾಸಲ್ಲಿ ಸ್ಕೂಲಲ್ಲಿ ಬಿದ್ನಲ್ಲ ಅಕ್ಕ, ಆಮೇಲೆ ಯಾರೂ ಪಕ್ಕ ಕೂರ್ತಿರ್ಲಿಲ್ಲ. ಆಗ ನಾನೂ ಒಂದ್ಸಲ ಅಂದ್ಕೊಂಡಿದ್ದೆ, ಇರೋದೇ ಬೇಡ ಅಂತ.”

ಇಷ್ಟು ವರ್ಷ ಆದ ಮೇಲೆ ನನಗೆ ತಿಳಿದದ್ದು ಆಗ. ನನಗೆ ಮಾತು ಹೊರಡಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟೆ. “ಈಗ?” ಎಂದು ಕೇಳಿದೆ. “ಈಗಿಲ್ಲ. ಇದ್ರೆ ನಿನಗೇ ಮೊದಲು ಹೇಳ್ತೀನಿ,” ಎಂದ. ಹೇಳಬೇಕು ಎಂದು ಅಲ್ಲೇ ಆಣೆ ಹಾಕಿಸಿಕೊಂಡೆ.

ಸಂಜೆ ಉಳಿದುಕೊಂಡ ಕೋಣೆಯಲ್ಲಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಎಲ್ಲಿದ್ದೀರಿ ಎಂದರೆ ರೇಷ್ಮೆ ಊರಿನಲ್ಲಿ ಎಂದೆವು. ಅಲ್ಲಿ ಗೂಡಿನ ರೇಟು ಎಷ್ಟು ಎಂದು ಅಪ್ಪ ಹಿಂದಿನಿಂದ ಕೂಗಿದರು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ತಮ್ಮನ ಆ ಒಂಬತ್ತನೇ ಕ್ಲಾಸಿನ ದಿನಗಳಂಥವು ನಡೆಯುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, ಹಗಲೂ ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಬ್ರಿಟನ್ನಿನಲ್ಲಿರುವವರಿಗೆ ಸಮಾರಿಟನ್ಸ್, 116 123.

ಸೋಮವಾರ, ಮೇ 19

1980ರ ಈ ಸೋಮವಾರ ತಂಡ ಅಮೆರಿಕಕ್ಕೆ ಹೊರಡಬೇಕಿತ್ತು. ಅವರ ಮೊದಲ ಅಮೆರಿಕ ಪ್ರವಾಸ. ಟಿಕೆಟ್ಟು, ಊರುಗಳ ಪಟ್ಟಿ ಎಲ್ಲ ಸಿದ್ಧವಿತ್ತು.

ನಾವೂ ಸೋಮವಾರ ಬೆಳಿಗ್ಗೆಯೇ ಬೇರೆಯಾದೆವು. ತಮ್ಮ ಸ್ಟಾಕ್‌ಪೋರ್ಟ್ ಮೇಲೆ ಶೆಫೀಲ್ಡ್‌ಗೆ, ನಾನು ಬರ್ಮಿಂಗ್‌ಹ್ಯಾಮ್ ಮೇಲೆ ರೆಡಿಂಗ್‌ಗೆ. ನನ್ನ ಚೀಲದಲ್ಲಿ ಉಳಿದಿದ್ದ ನಿಪ್ಪಟ್ಟಿನ ಡಬ್ಬಿ ಅವನಿಗೆ ಕೊಟ್ಟೆ. ಮಾತ್ರೆ ಎಷ್ಟು ದಿನಕ್ಕಿದೆ ಎಂದು ಕೇಳಿದೆ. ಮೂರು ವಾರಕ್ಕೆ ಇದೆ ಎಂದ. ಇಲ್ಲಿ ಫಿಟ್ಸ್ ಇರುವವರಿಗೆ ವಿನಾಯಿತಿ ಪತ್ರ ಕೊಡುತ್ತಾರೆ, ಔಷಧಕ್ಕೆ ದುಡ್ಡಿಲ್ಲ. ಕೊನೆಯ ಫಿಟ್ಸ್ ಬಂದು ಈ ತಿಂಗಳಿಗೆ ಹದಿನಾಲ್ಕು ತಿಂಗಳು. ಹನ್ನೆರಡು ತಿಂಗಳು ಬಾರದಿದ್ದರೆ ಕಾರು ಓಡಿಸಲು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಹಾಕಿದ್ದಾನೆ.

ಸ್ಟೋಕ್ ದಾಟಿದ ಮೇಲೆ ಅವನ ಸಂದೇಶ ಬಂತು: “ಬರ್ಮಿಂಗ್‌ಹ್ಯಾಮ್ ಬಂದಾಗ ಸೆರಿಮನಿ ಕೇಳು. ಅಲ್ಲೇ ಹಾಡಿದ್ದು.”

1980ರ ಮೇ 2ರಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹೈ ಹಾಲ್‌ನಲ್ಲಿ ಜಾಯ್ ಡಿವಿಷನ್ ಕೊನೆಯ ಸಲ ನುಡಿಸಿತು. ಆ ಕಟ್ಟಡವನ್ನೂ ಕೆಡವಿಬಿಟ್ಟಿದ್ದಾರೆ. ಅವತ್ತು ‘ಸೆರಿಮನಿ’ ಎಂಬ ಹೊಸ ಹಾಡನ್ನು ಮೊದಲ ಸಲ ಜನರ ಮುಂದೆ ಹಾಡಿದರು. ಇಯಾನ್ ಅದನ್ನು ವೇದಿಕೆಯಲ್ಲಿ ಹಾಡಿದ್ದು ಅದೊಂದೇ ಸಲ. ಧ್ವನಿಮುದ್ರಣ ಉಳಿದಿದೆ, ಆದರೆ ಶುರುವಿನಲ್ಲಿ ಅವನ ಮೈಕು ಸರಿಯಾಗಿ ಕೇಳುವುದಿಲ್ಲ. ಗಿಟಾರು, ಬೇಸು, ಡ್ರಮ್ಮು ಎಲ್ಲ ಸ್ಪಷ್ಟ, ಹಾಡುಗಾರ ಮಾತ್ರ ಇಲ್ಲವೆನ್ನುವಷ್ಟು ದೂರ.

ಅವನು ಹೋದ ಮೇಲೆ ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಮುಂದುವರಿದರು. ಮೊದಲ ರೆಕಾರ್ಡಾಗಿ 1981ರಲ್ಲಿ ಇದೇ ಹಾಡನ್ನು ತಂದರು. ಹಾಡಬೇಕಾದರೆ ಪದಗಳು ಬೇಕಲ್ಲ, ಬರೆದಿಟ್ಟದ್ದು ಅವರ ಹತ್ತಿರ ಇರಲಿಲ್ಲ. ಇದ್ದದ್ದು ಅವನ ದನಿ ಮಸುಕಾಗಿ ಬಿದ್ದಿದ್ದ ಟೇಪು ಮಾತ್ರ. ಅದನ್ನು ಸದ್ದಿನ ತಗ್ಗು, ಏರು ದನಿಗಳನ್ನು ಬೇರೆಬೇರೆಯಾಗಿ ಹೆಚ್ಚು ಕಡಿಮೆ ಮಾಡುವ ಗ್ರಾಫಿಕ್ ಈಕ್ವಲೈಸರ್‌ಗೆ ಜೋಡಿಸಿ, ಒಂದು ಪಟ್ಟಿ ಏರಿಸಿ, ಇನ್ನೊಂದು ಇಳಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಮತ್ತೆ ಕೇಳಿ, ಗೆಳೆಯ ಏನು ಹೇಳುತ್ತಿದ್ದಾನೆ ಎಂದು ಒಂದೊಂದೇ ಪದ ಹೆಕ್ಕಿ ಬರೆದುಕೊಂಡರು.

ರೈಲು ನ್ಯೂ ಸ್ಟ್ರೀಟ್ ನಿಲ್ದಾಣದ ಕತ್ತಲೊಳಕ್ಕೆ ಇಳಿಯಿತು. ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡು ಹಾಕಿದೆ. ತಂತಿಗಳು ಶುರುವಾದವು. ವಾಲ್ಯೂಮ್ ಪೂರ್ತಿ ಏರಿಸಿದೆ. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಎರಡು ಕೈಯಿಂದಲೂ ಕಿವಿ ಒತ್ತಿ ಹಿಡಿದು ಕಾದೆ. ನಡುವೆ ಒಂದು ಕಡೆ ಅವನ ದನಿ ಮೇಲೆದ್ದು ಬಂತು.